ಸೂಜಿಗೆ ದಾರಿ ಮಾಡಿಕೊಟ್ಟ ಎಮಿಲ್ ಬರ್ಲಿನರ್

ಫೆಸ್ಟ್‌ಗೆ ಮುಂಚೆ ಸೀನಿಯರ್ ಒಬ್ಬರು ತಮ್ಮ ಮನೆಯಿಂದ ಟರ್ನ್‌ಟೇಬಲ್ ತಂದುಕೊಟ್ಟಿದ್ದರು. ಡಿಜೆಗಳ ಥರ ಸ್ಕ್ರ್ಯಾಚ್ ಮಾಡೋದು ಕಲಿಯೋಣ ಅಂತ ನಾವು ನಾಲ್ಕು ಜನ ಹಾಸ್ಟೆಲ್ ರೂಮಿನಲ್ಲಿ ಕೂತೆವು. ಪ್ಲೇಟನ್ನು ಹಿಂದಕ್ಕೆ ಎಳೆದ ತಕ್ಷಣ ಸೂಜಿ ಹಾರಿ ಪಕ್ಕದ ಗ್ರೂವ್‌ಗೆ ಹೋಗುತ್ತಿತ್ತು. ನಮ್ಮ ಎಂಜಿನಿಯರಿಂಗ್ ಪರಿಹಾರ ಏನು ಗೊತ್ತಾ? ಸೂಜಿ ಕೂತಿರುವ ಹೆಡ್‌ಶೆಲ್ ಮೇಲೆ ಎರಡು ರೂಪಾಯಿ ನಾಣ್ಯ ಇಟ್ಟು ಟೇಪ್ ಸುತ್ತಿದ್ದು. ಹಾರೋದೇನೋ ನಿಂತಿತು. ಆದರೆ ಅವರ ತಾತನ ಎಲ್ಪಿಯಲ್ಲಿ ಒಂದು ಕಡೆ ಟಕ್ ಟಕ್ ಅನ್ನೋ ಶಬ್ದ ಶಾಶ್ವತವಾಗಿ ಉಳಿದುಬಿಟ್ಟಿತು. ಚೆನ್ನಾಗಿ ಬೈಸಿಕೊಂಡ ಮೇಲೆ, ಈ ಸೂಜಿ ಗ್ರೂವ್ ಒಳಗೆ ನಿಲ್ಲೋದಾದರೂ ಹೇಗೆ ಅಂತ ಓದುತ್ತಾ ಹೋದೆವು. ಆಗ ಸಿಕ್ಕವರೇ ಎಮಿಲ್ ಬರ್ಲಿನರ್. ಗ್ರಾಮಾಫೋನ್ ಕಂಡುಹಿಡಿದವರು ಅಂತ ಜಿಕೆ ಪುಸ್ತಕದಲ್ಲಿ ಒಂದು ಸಾಲು ಎಲ್ಲರೂ ಓದಿರ್ತೀವಿ. ಆ ಸಾಲಿನ ಹಿಂದೆ ದೊಡ್ಡ ಕಥೆಯೇ ಇದೆ.

ಬರ್ಲಿನರ್ ಹುಟ್ಟಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, 1851ರ ಮೇ 20ರಂದು, ಒಂದು ಯಹೂದಿ ಕುಟುಂಬದಲ್ಲಿ. ಅಪ್ಪ ವ್ಯಾಪಾರಿ, ಮನೆ ತುಂಬಾ ಮಕ್ಕಳು. 14ನೇ ವಯಸ್ಸಿಗೆ ಓದು ಮುಗಿದುಹೋಯಿತು. 1870ರಲ್ಲಿ, ಹೆಚ್ಚುಕಡಿಮೆ ಈಗ ನಮಗಿರುವ ವಯಸ್ಸಿಗೆ, ಹಡಗು ಹತ್ತಿ ಅಮೆರಿಕಕ್ಕೆ ಬಂದರು. ವಾಷಿಂಗ್ಟನ್‌ನಲ್ಲಿ ಬಟ್ಟೆ ಅಂಗಡಿಯ ಗುಮಾಸ್ತರಾದರು. ಆಮೇಲೆ ನ್ಯೂಯಾರ್ಕ್‌ನಲ್ಲಿ ಸಿಕ್ಕ ಕೆಲಸವನ್ನೆಲ್ಲ ಮಾಡಿದರು. ಒಂದು ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಬಾಟಲಿ ತೊಳೆಯೋದು ಅದರಲ್ಲಿ ಒಂದು. ರಾತ್ರಿ ಹೊತ್ತು ಕೂಪರ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ವಿಜ್ಞಾನ ಓದುತ್ತಿದ್ದರು. ಡಿಗ್ರಿ ಇಲ್ಲ, ಇಂಟರ್ನಲ್ಸ್ ಇಲ್ಲ, ಅಟೆಂಡೆನ್ಸ್ ಶಾರ್ಟೇಜ್ ಅಂತೂ ಇಲ್ಲವೇ ಇಲ್ಲ!

1876ರಲ್ಲಿ ಬೆಲ್ ಅವರ ಟೆಲಿಫೋನ್ ಬಂತು. ಆದರೆ ಅದರಲ್ಲಿ ಮಾತು ತುಂಬಾ ಸಣ್ಣಗೆ ಕೇಳುತ್ತಿತ್ತು. ಆ ದಿನಗಳಲ್ಲಿ ಬರ್ಲಿನರ್‌ಗೆ ಪರಿಚಯದ ಟೆಲಿಗ್ರಾಫ್ ಆಪರೇಟರ್ ಒಬ್ಬರು ಒಂದು ವಿಷಯ ತೋರಿಸಿಕೊಟ್ಟರಂತೆ: ಕೀಲಿಯನ್ನು ಗಟ್ಟಿಯಾಗಿ ಒತ್ತಿದರೆ ಕರೆಂಟ್ ಹೆಚ್ಚು ಹರಿಯುತ್ತದೆ, ಹಗುರಾಗಿ ಒತ್ತಿದರೆ ಕಡಿಮೆ. ಅಷ್ಟೇ ಸಾಕಾಯಿತು. ಎರಡು ತುಂಡುಗಳು ಸಡಿಲವಾಗಿ ತಾಗಿಕೊಂಡಿರಲಿ, ಮಾತಿನ ಕಂಪನ ಆ ಒತ್ತಡವನ್ನು ಬದಲಿಸಲಿ, ಅದಕ್ಕೆ ತಕ್ಕಂತೆ ಕರೆಂಟ್ ಏರಿಳಿಯಲಿ. ಬಾಡಿಗೆ ರೂಮಿನಲ್ಲಿ ಮಾಡಿದ ಈ ಮೈಕ್ರೋಫೋನ್‌ಗೆ 1877ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಬೆಲ್ ಕಂಪನಿ ಹಕ್ಕು ಕೊಂಡು ಅವರನ್ನು ಕೆಲಸಕ್ಕೂ ಸೇರಿಸಿಕೊಂಡಿತು. ಎಡಿಸನ್ ಕೂಡ ಅದೇ ವರ್ಷ ಅಂಥದ್ದೇ ಅರ್ಜಿ ಹಾಕಿದ್ದರಿಂದ ಜಗಳ ವರ್ಷಗಟ್ಟಲೆ ಎಳೆಯಿತು. ಪೇಟೆಂಟ್ ಕೈಗೆ ಬಂದಿದ್ದು 1891ರಲ್ಲಿ!

ನಮಗೆ ಬೇಕಾದ ಭಾಗ ಇಲ್ಲಿಂದ ಶುರು. ಎಡಿಸನ್‌ರ ಫೋನೋಗ್ರಾಫ್‌ನಲ್ಲಿ ಧ್ವನಿ ಕೂರುತ್ತಿದ್ದುದು ಸಿಲಿಂಡರ್ ಮೇಲೆ. ಸೂಜಿ ಮೇಲೆ ಕೆಳಗೆ ಕುಣಿದು, ಒಮ್ಮೆ ಆಳ ಒಮ್ಮೆ ಮೇಲ್ಮೇಲೆ ಕೊರೆಯುತ್ತಿತ್ತು. ಆಳಕ್ಕೆ ಕೊರೆಯುವಾಗ ತಡೆ ಜಾಸ್ತಿ, ಹಾಗಾಗಿ ಧ್ವನಿಯ ಆಕಾರ ಕೆಡುತ್ತದೆ ಅನ್ನೋದು ಬರ್ಲಿನರ್ ವಾದ. ಇನ್ನೊಂದು ವಿಷಯ, ಸಿಲಿಂಡರ್ ಉದ್ದಕ್ಕೂ ಸೂಜಿಯನ್ನು ತಳ್ಳಿಕೊಂಡು ಹೋಗೋಕೆ ಅಲ್ಲಿ ಒಂದು ಸ್ಕ್ರೂ ಬೇಕಿತ್ತು. ಬರ್ಲಿನರ್ ಸೂಜಿಯನ್ನು ಅಕ್ಕಪಕ್ಕಕ್ಕೆ ಅಲುಗಾಡುವಂತೆ ಮಾಡಿದರು. ಆಳ ಒಂದೇ, ದಾರಿ ಮಾತ್ರ ಹಾವಿನ ಥರ ಬಳುಕುತ್ತದೆ. ಹೊಗೆಮಸಿ ಮೇಲೆ ಧ್ವನಿಯ ಗೆರೆ ಎಳೆಯುವ ಫ್ರೆಂಚ್ ಉಪಕರಣವೊಂದು 1857ರಿಂದಲೇ ಇತ್ತು, ಅದು ಇವರಿಗೆ ದಾರಿ ತೋರಿಸಿತ್ತು. ಆದರೆ ಆ ಗೆರೆಯನ್ನು ಚಪ್ಪಟೆ ತಟ್ಟೆಯ ಮೇಲೆ ತಂದು, ಗ್ರೂವ್‌ನ ಎರಡು ಗೋಡೆಗಳೇ ಸೂಜಿಯನ್ನು ಕೈಹಿಡಿದು ನಡೆಸುವಂತೆ ಮಾಡಿದ್ದು ಬರ್ಲಿನರ್. ಸ್ಕ್ರೂ ಬೇಕಾಗಲಿಲ್ಲ. ಗ್ರಾಮಾಫೋನ್ ಪೇಟೆಂಟ್ ಸಿಕ್ಕಿದ್ದು 1887ರ ನವೆಂಬರ್‌ನಲ್ಲಿ. ಮುಂದಿನ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲ್ಲರೆದುರು ನುಡಿಸಿ ತೋರಿಸಿದರು.

ತಟ್ಟೆ ತಯಾರಿಸುತ್ತಿದ್ದ ರೀತಿ ಓದಿ ನಮಗೆ ಪಿಸಿಬಿ ಲ್ಯಾಬ್ ನೆನಪಾಯಿತು. ಸತುವಿನ ತಟ್ಟೆಗೆ ಜೇನುಮೇಣದ ತೆಳು ಪದರ. ಹಾಡುತ್ತಿದ್ದಂತೆ ಸೂಜಿ ಆ ಮೇಣವನ್ನು ಗೀರುತ್ತದೆ. ಆಮೇಲೆ ಕ್ರೋಮಿಕ್ ಆಸಿಡ್‌ನಲ್ಲಿ ಅದ್ದಿದರೆ ಮೇಣ ಹೋದ ಕಡೆ ಮಾತ್ರ ಲೋಹ ಕರಗಿ ಗ್ರೂವ್ ಆಗುತ್ತದೆ. ನಾವು ಫೆರಿಕ್ ಕ್ಲೋರೈಡ್‌ನಲ್ಲಿ ಬೋರ್ಡ್ ಅಲ್ಲಾಡಿಸ್ತೀವಲ್ಲ, ಅದೇ! ಅದರ ಮೇಲೆ ಎಲೆಕ್ಟ್ರೋಪ್ಲೇಟಿಂಗ್ ಮಾಡಿ ಉಲ್ಟಾ ಅಚ್ಚು ತೆಗೆದರೆ ಎಷ್ಟು ಬೇಕಾದರೂ ಪ್ರತಿ ಒತ್ತಬಹುದು. ಆ ಕಾಲಕ್ಕೆ ಸಿಲಿಂಡರ್ ಮಾರುವವರಿಗೆ ಈ ಸುಖ ಇರಲಿಲ್ಲ. ಹೆಚ್ಚು ಪ್ರತಿ ಬೇಕು ಅಂದ್ರೆ ಹಾಡುಗಾರರು ಅದೇ ಹಾಡನ್ನು ಮತ್ತೆ ಮತ್ತೆ ಹಾಡಬೇಕಿತ್ತು.

ಮೊದಲು ಗಟ್ಟಿ ರಬ್ಬರ್‌ನಲ್ಲಿ ಒತ್ತಿದರು, ಅದು ಸರಿಹೋಗಲಿಲ್ಲ. ಕೊನೆಗೆ ಕೈಹಿಡಿದಿದ್ದು ಶೆಲಾಕ್, ಅಂದ್ರೆ ಅರಗು. ಪಾಂಡವರ ಅರಗಿನ ಮನೆಯ ಅರಗು, ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಚ್ಚೋ ಅರಗು. ಪ್ರಪಂಚಕ್ಕೆಲ್ಲ ಅದು ಹೋಗುತ್ತಿದ್ದುದು ಬಹುಪಾಲು ನಮ್ಮ ದೇಶದಿಂದಲೇ. ಅದಕ್ಕೆ ಕಲ್ಲಿನ ಪುಡಿ ಬೆರೆಸುತ್ತಿದ್ದರಿಂದ ಪ್ಲೇಟೇ ಉಕ್ಕಿನ ಸೂಜಿಯನ್ನು ಸವೆಸುತ್ತಿತ್ತು. ಹಾಗಾಗಿ ಒಂದು ಮಗ್ಗುಲು ಹಾಡಿದ ಮೇಲೆ ಸೂಜಿ ಬದಲಿಸೋದು ರೂಢಿಯಾಯಿತು.

ಇನ್ನೂ ಒಂದು ತೊಂದರೆ ಇತ್ತು. ಮೊದಲ ಗ್ರಾಮಾಫೋನ್‌ಗಳನ್ನು ಕೈಯಿಂದ ತಿರುಗಿಸಬೇಕು, ನಿಮಿಷಕ್ಕೆ ಸುಮಾರು 70 ಸುತ್ತು. ಕೈ ಸೋತರೆ ಹಾಡುಗಾರರ ಧ್ವನಿಯೂ ಇಳಿಯಿತು ಅಂತಲೇ ಅರ್ಥ. ಕ್ಯಾಮ್ಡೆನ್ ಊರಿನ ಮೆಕ್ಯಾನಿಕ್ ಎಲ್ಡ್ರಿಜ್ ಜಾನ್ಸನ್ 1896ರಲ್ಲಿ ಸ್ಪ್ರಿಂಗ್ ಮೋಟಾರ್ ಮಾಡಿಕೊಟ್ಟ ಮೇಲೆ ಆ ಕಾಟ ತಪ್ಪಿತು. ಮಾರಾಟದ ಜವಾಬ್ದಾರಿ ಫ್ರಾಂಕ್ ಸೀಮನ್ ಅನ್ನೋವರದು. ಇಲ್ಲೇ ಎಡವಟ್ಟಾಯಿತು. ಒಪ್ಪಂದದ ಬಗ್ಗೆ ಜಗಳ ಹತ್ತಿ, 1900ರಲ್ಲಿ ಕೋರ್ಟ್ ತಡೆಯಾಜ್ಞೆ ಬಂತು. ತಾವೇ ಕಂಡುಹಿಡಿದ ಯಂತ್ರವನ್ನು ಬರ್ಲಿನರ್ ಅಮೆರಿಕದಲ್ಲಿ ಮಾರುವ ಹಾಗಿಲ್ಲ! ಅವರು ವ್ಯಾಪಾರವನ್ನು ಕೆನಡಾದ ಮಾಂಟ್ರಿಯಲ್‌ಗೆ ಎತ್ತಿಕೊಂಡು ಹೋದರು. ಇತ್ತ ಜಾನ್ಸನ್ 1901ರಲ್ಲಿ ವಿಕ್ಟರ್ ಕಂಪನಿ ಕಟ್ಟಿ ಬೆಳೆದರು. ಗ್ರಾಮಾಫೋನ್ ಅನ್ನೋ ಪದ ಕೂಡ ಅಮೆರಿಕದಲ್ಲಿ ಮರೆಯಾಯಿತು, ಉಳಿದಿದ್ದು ಇಂಗ್ಲೆಂಡಿನಲ್ಲಿ ಮತ್ತು ನಮ್ಮಲ್ಲಿ. ಎಷ್ಟೋ ವರ್ಷ ಆದಮೇಲೆ ಗ್ರ್ಯಾಮಿ ಪ್ರಶಸ್ತಿಗೆ ಆ ಹೆಸರಿನ ತುಂಡು ಅಂಟಿಕೊಂಡಿತು.

ಅವರ ತಟ್ಟೆ ಮಾತ್ರ ಎಲ್ಲೂ ನಿಲ್ಲಲಿಲ್ಲ. ಅವರ ಹತ್ತಿರ ಕೆಲಸ ಕಲಿತ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ಹಾಡು ರೆಕಾರ್ಡ್ ಮಾಡಿದರು. ಒತ್ತಿಸಿದ್ದು ಹ್ಯಾನೋವರ್‌ನಲ್ಲಿ, ಬರ್ಲಿನರ್ ಮತ್ತು ಅವರ ಸಹೋದರ ಜೋಸೆಫ್ ಶುರುಮಾಡಿದ್ದ ಫ್ಯಾಕ್ಟರಿಯಲ್ಲಿ. ಇಲ್ಲಿಂದ ಹೋದ ಅರಗು ಹಾಡಾಗಿ ವಾಪಸ್ ಬಂತು ಅನ್ನಿ. ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಬರ್ಲಿನರ್ ಕೋರ್ಟಿನಲ್ಲಿ ಸೋತು ಮೂಲೆ ಸೇರಿದವರಲ್ಲ. ಮಗಳಿಗೆ ಕಾಯಿಲೆ ಬಂದ ಮೇಲೆ, ಹಾಲನ್ನು ಬಿಸಿ ಮಾಡಿಯೇ ಕುಡಿಯಿರಿ ಅಂತ ವರ್ಷಗಟ್ಟಲೆ ಪ್ರಚಾರ ಮಾಡಿದರು. ಹಾಲು ಕಾಯಿಸದೆ ಕುಡಿಯೋದೇ ಗೊತ್ತಿಲ್ಲದ ನಮ್ಮ ಅಜ್ಜಿಯರಿಗೆ ಇದು ಸುದ್ದಿಯೇ ಅಲ್ಲ, ಆದರೆ ಅಲ್ಲಿ ಆಗ ಅದು ಮಕ್ಕಳ ಜೀವದ ಪ್ರಶ್ನೆ. ಮಗ ಹೆನ್ರಿ ಜೊತೆ ಹೆಲಿಕಾಪ್ಟರ್ ಪ್ರಯೋಗಗಳನ್ನೂ ಮಾಡಿದರು. 1929ರ ಆಗಸ್ಟ್ 3ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡರು.

1970ರ ದಶಕದ ನಡುವೆ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಥಿಯೋಡರ್ ಅನ್ನೋ ಹುಡುಗ ತಿರುಗುವ ಪ್ಲೇಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿದ. ಸ್ಕ್ರ್ಯಾಚ್ ಹುಟ್ಟಿದ್ದು ಹಾಗೆ. ಬರ್ಲಿನರ್ ಕಾಲದಲ್ಲಿ ದೋಷವಾಗಿದ್ದ ಕೈಯ ವೇಗವೇ ಇಲ್ಲಿ ವಾದ್ಯವಾಯಿತು. ಸೂಜಿಯನ್ನು ಸ್ಕ್ರೂ ತಳ್ಳುತ್ತಿದ್ದರೆ ಈ ಆಟ ಆಗುತ್ತಿರಲಿಲ್ಲ. ಗ್ರೂವ್ ನಡೆಸಿದ ಕಡೆ ಸೂಜಿ ಹೋಗುತ್ತದೆ, ಹಿಂದಕ್ಕೆ ಎಳೆದರೆ ಹಿಂದಕ್ಕೂ ಬರುತ್ತದೆ.

ನಮ್ಮ ಸೂಜಿ ಹಾರುತ್ತಿದ್ದುದು ಯಾಕೆ ಅಂತಲೂ ಆಗ ಗೊತ್ತಾಯಿತು. ಪ್ಲೇಟು ಮುಂದಕ್ಕೆ ತಿರುಗುವಾಗ ಘರ್ಷಣೆ ತೋಳನ್ನು ಒಳಗಡೆ ಎಳೆಯುತ್ತದೆ, ಅದಕ್ಕೆ ಎದುರಾಗಿ ಆಂಟಿ-ಸ್ಕೇಟ್ ಸ್ಪ್ರಿಂಗ್ ಹೊರಗಡೆ ಎಳೆಯುತ್ತದೆ. ಹಿಂದಕ್ಕೆ ತಿರುಗಿಸಿದರೆ ಘರ್ಷಣೆಯೂ ಹೊರಗಡೆಗೇ. ಎರಡೂ ಸೇರಿದರೆ ಸೂಜಿ ಹಾರದೆ ಇನ್ನೇನು? ಈಗ ಆಂಟಿ-ಸ್ಕೇಟ್ ಸೊನ್ನೆಗೆ ಇಟ್ಟಿದ್ದೇವೆ. ತೋಳು ಗಾಳಿಯಲ್ಲಿ ಸಮನಾಗಿ ತೇಲುವಂತೆ ಹಿಂದಿನ ತೂಕ ಸರಿಮಾಡಿ, ಡಯಲ್ ಸೊನ್ನೆ ಮಾಡಿ, ಆಮೇಲೆ ನಮ್ಮ ಕಾರ್ಟ್ರಿಡ್ಜ್‌ಗೆ ಹೇಳಿರುವಷ್ಟು, ಅಂದ್ರೆ 3 ಗ್ರಾಂ, ಭಾರ ಕೊಟ್ಟಿದ್ದೇವೆ. ತುದಿ ದುಂಡಗಿರುವ ಸೂಜಿಯನ್ನೇ ಹಾಕಿದ್ದೇವೆ, ಹಿಂದಕ್ಕೆ ಎಳೆಯೋಕೆ ಅದೇ ವಾಸಿ. ಪ್ರತಿ ಸಲ ನುಡಿಸೋಕೆ ಮುಂಚೆ ಸಣ್ಣ ಬ್ರಶ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಧೂಳು ತೆಗೀತೀವಿ. ಉಲ್ಟಾ ತೆಗೆದರೆ ಸೂಜಿ ಹಿಡಿದಿರುವ ಸಣ್ಣ ಕಡ್ಡಿ ಬಾಗಿಬಿಡುತ್ತದೆ.

ತಾತನ ಎಲ್ಪಿ ವಾಪಸ್ ಕೊಟ್ಟಿದ್ದೇವೆ. ಎರಡನೇ ಹಾಡಿನ ನಡುವೆ ಆ ಟಕ್ ಟಕ್ ಇನ್ನೂ ಇದೆ. ಸ್ಕ್ರ್ಯಾಚ್‌ಗೆ ಈಗ ಹಳೇ ಅಂಗಡಿಯಿಂದ ತಂದ, ಕವರ್ ಕೂಡ ಇಲ್ಲದ ಒಂದು ಪ್ಲೇಟ್ ಇಟ್ಟುಕೊಂಡಿದ್ದೇವೆ.