ಡಾ. ಆನಂದೀಬಾಯಿ ಜೋಶಿ

ಶಿಲಾಹಾರರ ಶಿವಾಲಯದಿಂದ ಪ್ರಸಿದ್ಧವಾದ ಅಂಬರನಾಥಕ್ಕೆ ಕಲ್ಯಾಣ ತೀರ ಸಮೀಪ. ಒಂದು ಕಾಲಕ್ಕೆ ಭೂಮಾಲಿಕರಾಗಿದ್ದು, ಅನಂತರ ಸಿರಿ ಕರಗಿದ ಅಲ್ಲಿಯ ಬ್ರಾಹ್ಮಣ ಮನೆತನದಲ್ಲಿ ಬೆಳೆದವಳು ಯಮುನಾ. 1865ರ ಮಾರ್ಚ್ 31ರಂದು ಜನಿಸಿದ ಈಕೆಗೆ ಒಂಬತ್ತರ ವಯಸ್ಸಿನಲ್ಲೇ ವಿವಾಹವಾಯಿತು. ವರ ಅಂಚೆ ಇಲಾಖೆಯ ನೌಕರ, ವಿಧುರ ಗೋಪಾಲರಾವ್ ಜೋಶಿ. ಆಕೆಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯರು. ಯಮುನಾ ಆನಂದಿಯಾದಳು. ಪತ್ನಿ ಓದಲೇಬೇಕೆಂಬ ಅವರ ಹಟ ಆಕೆಗೆ ಆಸರೆಯೂ ಆಯಿತು, ದಂಡನೆಯೂ ಆಯಿತು.

ಹದಿನಾಲ್ಕರಲ್ಲಿ ಹೆತ್ತ ಗಂಡುಮಗು ಹತ್ತೇ ದಿನ ಬದುಕಿತು. ವೈದ್ಯೆಯಾಗಬೇಕೆಂಬ ನಿಶ್ಚಯ ಈ ಶೋಕದಿಂದ ಮೂಡಿತು. ಸಮಾಜದ ವಿರೋಧವನ್ನೆದುರಿಸಿ, 1883ರಲ್ಲಿ ಪತಿಯನ್ನು ಇಲ್ಲಿಯೇ ಬಿಟ್ಟು ಕಲ್ಕತ್ತೆಯಿಂದ ಹಡಗೇರಿದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಹಿಂದೂಗಳ ಪ್ರಸೂತಿಶಾಸ್ತ್ರವನ್ನು ಕುರಿತು ಪ್ರಬಂಧ ರಚಿಸಿ, 1886ರ ಮಾರ್ಚ್ 11ರಂದು ಎಂ.ಡಿ. ಪದವಿ ಪಡೆದರು.

ಕನ್ನಡ ನಾಡಿನ ಗಡಿಗೆ ಹೊಂದಿದ ಕೊಲ್ಹಾಪುರ ಸಂಸ್ಥಾನವು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗಕ್ಕೆ ಅವರನ್ನು ನೇಮಿಸಿತು. ಆದರೆ ಕ್ಷಯರೋಗಕ್ಕೆ ತುತ್ತಾಗಿ ತಾಯ್ನಾಡಿಗೆ ಮರಳಿದ ಆನಂದೀಬಾಯಿಯವರಿಗೆ ಆ ಸೇವೆ ದಕ್ಕಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ನಿಧನರಾದಾಗ ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ಒಬ್ಬ ರೋಗಿಯನ್ನೂ ಆ ಆಸ್ಪತ್ರೆಯಲ್ಲಿ ಉಪಚರಿಸಲಾಗದಿದ್ದರೂ, ಮುಂದಿನ ಹೆಣ್ಣುಮಕ್ಕಳಿಗೆ ವೈದ್ಯವಿದ್ಯೆಯ ಬಾಗಿಲನ್ನು ತೆರೆದು ತೋರಿಸಿದುದೇ ಅವರ ಕಿರುಬಾಳಿನ ಹಿರಿಯ ಸಾಧನೆ.