ನಿಷಿದ್ಧಾಕ್ಷರದ ಸಾಧಕ ಫ್ರೆಡರಿಕ್ ಡಗ್ಲಾಸ್

ಅಕ್ಷರವೆಂದರೆ ನಾಶವಿಲ್ಲದುದು ಎಂದು ಶಾಸ್ತ್ರಜ್ಞರು ಅರ್ಥ ಹೇಳುತ್ತಾರೆ. ಆ ಅರ್ಥವನ್ನು ತಮ್ಮ ಬಾಳಿನಿಂದಲೇ ಸಿದ್ಧಮಾಡಿ ತೋರಿದವರಲ್ಲಿ ಅಮೆರಿಕದ ಕಪ್ಪು ಜನಾಂಗದ ನಾಯಕ ಫ್ರೆಡರಿಕ್ ಡಗ್ಲಾಸರು ಅಗ್ರಗಣ್ಯರು.

ಇವರು ೧೮೧೮ರಲ್ಲಿ ಮೇರಿಲೆಂಡ್ ಪ್ರಾಂತದಲ್ಲಿ ಜನಿಸಿದರು. ತಾಯಿ ಗುಲಾಮಳಾದರೆ ಮಗುವೂ ಗುಲಾಮನೇ ಎಂಬುದು ಅಂದಿನ ಕಾನೂನು. ಶೈಶವದಲ್ಲಿಯೇ ತಾಯಿಯಿಂದ ಅಗಲಿಸಲ್ಪಟ್ಟ ಇವರಿಗೆ ತಮ್ಮ ಜನ್ಮದಿನವು ಕೊನೆಯವರೆಗೂ ತಿಳಿಯಲಿಲ್ಲ. ಎಳೆಯ ಪ್ರಾಯದಲ್ಲಿ ಬಾಲ್ಟಿಮೋರ್ ನಗರದ ಮನೆಯೊಂದಕ್ಕೆ ಊಳಿಗಕ್ಕೆ ಕಳುಹಿಸಲ್ಪಟ್ಟಾಗ, ಒಡತಿಯಾದ ಸೋಫಿಯಾ ಆಲ್ಡ್ ಕನಿಕರದಿಂದ ಅಕ್ಷರಮಾಲೆಯನ್ನು ಕಲಿಸತೊಡಗಿದಳು. ಓದು ಬಲ್ಲವನು ಗುಲಾಮನಾಗಿ ಉಳಿಯಲಾರನೆಂದು ಹೇಳಿ ಆಕೆಯ ಪತಿಯು ಪಾಠವನ್ನು ನಿಲ್ಲಿಸಿಬಿಟ್ಟನು. ಆ ನಿಷೇಧವೇ ಬಾಲಕನಿಗೆ ಗುರೂಪದೇಶವಾಯಿತು. ಒಡೆಯನು ಯಾವುದಕ್ಕೆ ಅಂಜುವನೋ ಅದರಲ್ಲಿಯೇ ತನ್ನ ಬಿಡುಗಡೆಯಿದೆಯೆಂದು ಅವನು ಮನಗಂಡನು. ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿಯನ್ನಿತ್ತು ಪ್ರತಿಯಾಗಿ ಪಾಠ ಪಡೆದನು. ಹಡಗು ಕಟ್ಟುವ ಸ್ಥಳದಲ್ಲಿ ಮರದ ದಿಮ್ಮಿಗಳ ಮೇಲಣ ಗುರುತುಗಳನ್ನು ನೋಡಿ ಬರೆಯಲು ಕಲಿತನು. ೫೦ ಸೆಂಟುಗಳನ್ನು ಕೂಡಿಸಿ ಭಾಷಣಸಂಗ್ರಹವೊಂದನ್ನು ಕೊಂಡು ಪಠಿಸಿದನು.

ಕಲಿತುದನ್ನು ತನ್ನಲ್ಲಿಯೇ ಬಚ್ಚಿಟ್ಟುಕೊಳ್ಳುವ ಲೋಭ ಅವರಿಗಿರಲಿಲ್ಲ. ಹೊಲದ ದುಡಿಮೆಗೆ ದೂಡಲ್ಪಟ್ಟಾಗಲೂ ಭಾನುವಾರಗಳಂದು ಜೊತೆಯ ಗುಲಾಮರಿಗೆ ಗುಪ್ತವಾಗಿ ಓದು ಕಲಿಸಿದರು. ಒಂದು ಕಾಲಕ್ಕೆ ಶಿಷ್ಯರ ಸಂಖ್ಯೆ ನಲವತ್ತನ್ನು ಮೀರಿತ್ತು. ಸಿಕ್ಕಿಬಿದ್ದರೆ ಚಾವಟಿಯೇಟು ತಪ್ಪದೆಂಬುದನ್ನು ಗುರುಶಿಷ್ಯರಿಬ್ಬರೂ ಬಲ್ಲವರಾಗಿದ್ದರು.

೧೮೩೮ರ ಸೆಪ್ಟೆಂಬರ್ ೩ರಂದು ಡಗ್ಲಾಸರು ನಾವಿಕನ ವೇಷದಲ್ಲಿ ರೈಲನ್ನೇರಿ ಉತ್ತರದ ಪ್ರಾಂತಗಳಿಗೆ ಪಾರಾದರು. ಗುಲಾಮಗಿರಿಯ ವಿರುದ್ಧ ಅವರು ಮಾಡಿದ ಭಾಷಣಗಳ ಸೊಬಗನ್ನು ಕೇಳಿ, ಇಂಥವನು ಗುಲಾಮನಾಗಿದ್ದುದು ನಿಜವೇ ಎಂದು ಹಲವರು ಸಂದೇಹಪಟ್ಟರು. ಅದಕ್ಕುತ್ತರವಾಗಿ ಒಡೆಯರ ಹೆಸರುಗಳನ್ನು ಮರೆಮಾಚದೆ ೧೮೪೫ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದರು. ಸತ್ಯ ನುಡಿದುದರಿಂದ ಮತ್ತೆ ಸೆರೆಸಿಕ್ಕುವ ಭಯವೊದಗಿ ಬ್ರಿಟನ್ನಿಗೆ ತೆರಳಬೇಕಾಯಿತು. ಅಲ್ಲಿಯ ಮಿತ್ರರು ೧೮೪೬ರಲ್ಲಿ ಹಣ ತೆತ್ತು ಅವರನ್ನು ದಾಸ್ಯದಿಂದ ಬಿಡಿಸಿದರು. ೧೮೪೭ರಲ್ಲಿ ರಾಚೆಸ್ಟರ್ ನಗರದಲ್ಲಿ ‘ನಾರ್ತ್ ಸ್ಟಾರ್’ ಪತ್ರಿಕೆಯನ್ನು ಆರಂಭಿಸಿದರು. ಇರುಳಿನಲ್ಲಿ ಓಡಿಹೋಗುವ ಗುಲಾಮರಿಗೆ ದಿಕ್ಕು ತೋರುತ್ತಿದ್ದ ಧ್ರುವತಾರೆಯ ಹೆಸರೇ ಪತ್ರಿಕೆಯ ಹೆಸರಾಯಿತು.

೧೮೪೮ರಲ್ಲಿ ಸೆನೆಕಾ ಫಾಲ್ಸ್ ಸಮ್ಮೇಳನದಲ್ಲಿ ಸ್ತ್ರೀಯರ ಮತದಾನದ ಹಕ್ಕನ್ನು ಎತ್ತಿಹಿಡಿದರು. ಅಂತರ್ಯುದ್ಧದಲ್ಲಿ ಪುತ್ರರಿಬ್ಬರನ್ನು ಸೇನೆಗೆ ಕಳುಹಿಸಿ, ಕಪ್ಪು ಸೈನಿಕರಿಗೆ ಸಮಾನ ವೇತನ ದೊರೆಯಬೇಕೆಂದು ೧೮೬೩ರಲ್ಲಿ ಅಧ್ಯಕ್ಷ ಲಿಂಕನ್ನರನ್ನು ಕಂಡು ವಾದಿಸಿದರು. ೧೮೬೫ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಗುಲಾಮಗಿರಿ ಅಳಿಯಿತು. ೧೮೮೯ರಲ್ಲಿ ಅವರು ಹೈಟಿ ದೇಶಕ್ಕೆ ಅಮೆರಿಕದ ರಾಯಭಾರಿಯಾದರು. ೧೮೯೫ರ ಫೆಬ್ರವರಿ ೨೦ರಂದು ಮಹಿಳೆಯರ ಸಭೆಯೊಂದರಲ್ಲಿ ಭಾಗವಹಿಸಿ ಮನೆಗೆ ಮರಳಿದವರು ಅಂದೇ ಕಾಲವಶರಾದರು.

ಅಕ್ಷರವನ್ನು ಕದ್ದು ಕಲಿಯಬೇಕಾದವರು ಅದನ್ನು ಕರೆದು ಹಂಚಿದರು. ವಿದ್ಯೆ ಪಡೆದವರಿಗೂ ವಿದ್ಯೆಗಾಗಿ ನೀಡುವವರಿಗೂ ಈ ಚರಿತ್ರೆ ಸದಾ ಸ್ಮರಣೀಯವಾದುದು.