ನಾಗರಖಂಡವನ್ನು ಆಳಿದ ಶ್ರಾವಕಿ ಜಕ್ಕಿಯಬ್ಬೆ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋದವರು ಶಾಂತಿನಾಥ ಬಸದಿಗೆ ಕೈಮುಗಿದು, ನಾಲ್ಕು ಫೋಟೋ ತೆಗೆದುಕೊಂಡು ಹಿಂದಿರುಗುತ್ತಾರೆ. ಅಲ್ಲಿಯ ಒಂದು ಶಾಸನ ಹೇಳುವ ಜಕ್ಕಿಯಬ್ಬೆಯ ಕಥೆ ನಮ್ಮ ಎಲ್ಲ ಮನೆಗಳಲ್ಲೂ ಗೊತ್ತಿರಬೇಕು.

ಅದು ಹತ್ತನೆಯ ಶತಮಾನದ ಆರಂಭ. ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಆಳ್ವಿಕೆ. ಬನವಾಸಿ 12000ವನ್ನು ಮಹಾಸಾಮಂತ ಕಲಿವಿಟ್ಟರಸ ನೋಡಿಕೊಳ್ಳುತ್ತಿದ್ದ. ಇಂದಿನ ಶಿಕಾರಿಪುರ, ಸೊರಬ ಸೀಮೆಯ ಊರುಗಳು ನಾಗರಖಂಡ 70 ಎಂಬ ನಾಡಿಗೆ ಸೇರಿದ್ದವು. ಈ ನಾಡಿನ ನಾಳ್ಗಾವುಂಡ, ಅಂದರೆ ಮುಖ್ಯಸ್ಥ, ಸತ್ತರಸ ನಾಗಾರ್ಜುನ. ಸುಮಾರು 911ರಲ್ಲಿ ಆತ ತೀರಿಕೊಂಡಾಗ ಅರಸ ಆ ಅಧಿಕಾರವನ್ನು ಆತನ ಹೆಂಡತಿ ಜಕ್ಕಿಯಬ್ಬೆಗೇ ಕೊಟ್ಟ. ಗಂಡ ಸತ್ತ ಹೆಣ್ಣು ಎಂದು ಮೂಲೆಯಲ್ಲಿ ಕೂರಿಸಲಿಲ್ಲ. ಆಕೆ ಜಿನಧರ್ಮದಲ್ಲಿ ದೃಢವಾಗಿ ನಿಂತು ನಾಡನ್ನು ಚೆನ್ನಾಗಿ ಆಳಿದಳು. ಹೆಣ್ಣಾಗಿಯೂ ಇಷ್ಟು ಧೈರ್ಯವೇ ಎಂಬ ಬೆರಗು ಶಾಸನ ಬರೆಸಿದವರಿಗೂ ಇತ್ತು.

ಅದೇ ಶತಮಾನದ ಕೊನೆಗೆ ಬಂದ ಅತ್ತಿಮಬ್ಬೆಯೂ ವಿಧವೆಯೇ. ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಆ ತಾಯಿಯ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಆದರೂ ಮದುವೆ ಮನೆಯಲ್ಲಿ ಆರತಿ ಎತ್ತುವ ಹೊತ್ತಿಗೆ ಗಂಡನಿಲ್ಲದ ಅಕ್ಕ, ಅತ್ತಿಗೆ ತಾವಾಗಿಯೇ ಹಿಂದೆ ಸರಿಯುತ್ತಾರೆ. ಸ್ವಯಂಸೇವಕನಾಗಿ ಓಡಾಡುವಾಗ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಮಗಳ ಮದುವೆಯಲ್ಲಿ ಹೆತ್ತ ತಾಯಿಯೇ ಅಡುಗೆ ಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಕರೆದರೆ, ಬೇಡಪ್ಪಾ, ನಾಳೆ ಏನಾದರೂ ಆದರೆ ನನ್ನ ಮೇಲೆ ಬರುತ್ತದೆ ಎನ್ನುತ್ತಾಳೆ.

ಕಣ್ಣೆದುರೇ ಶಾಸನವಿದ್ದರೂ ಈ ನಂಬಿಕೆ ಯಾಕೆ ಹೋಗುವುದಿಲ್ಲ? ನಾನು ವ್ಯಾಪಾರಿ, ನನಗೆ ಲೆಕ್ಕದ ಭಾಷೆಯಲ್ಲೇ ಅರ್ಥವಾಗುವುದು. ವಿಧವೆ ಎದುರು ಬಂದ ದಿನ ನಷ್ಟವಾದರೆ ಅದನ್ನು ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತೇವೆ. ಆಕೆ ಎದುರಾದ ದಿನವೇ ಒಳ್ಳೆ ವ್ಯಾಪಾರವಾದರೆ ಅದನ್ನು ಬರೆದಿಡುವವರೇ ಇಲ್ಲ. ಒಂದೇ ಬದಿ ಬರೆದ ಖಾತೆ ಎಂದಾದರೂ ತಾಳೆಯಾದೀತೇ? ಜಕ್ಕಿಯಬ್ಬೆ, ಅತ್ತಿಮಬ್ಬೆಯರ ಮಾತು ತೆಗೆದರೆ, ಅವರು ಪುಣ್ಯವಂತರು, ಅವರ ವಿಷಯ ಬೇರೆ ಎಂದುಬಿಡುತ್ತೇವೆ. ಇನ್ನೊಂದು ಮಾತು: ಈ ನಂಬಿಕೆಯಿಂದ ನಂಬುವವನ ಗಂಟೇನೂ ಹೋಗುವುದಿಲ್ಲ. ಬಿಟ್ಟು ನೋಡಿ ಏನಾದರೂ ಕೆಟ್ಟದ್ದಾದರೆ ಮಾತ್ರ ನೆಂಟರೆಲ್ಲ ಬೆರಳು ತೋರಿಸುತ್ತಾರೆ. ನೋವು ಇನ್ನೊಬ್ಬರದು, ಭಯ ನಮ್ಮದು. ಅವರವರ ಕರ್ಮದ ಫಲ ಅವರವರಿಗೇ ಎಂದು ಪ್ರವಚನದಲ್ಲಿ ಕೇಳಿ ತಲೆಯಾಡಿಸುವ ನಾವು, ಗಂಡನ ಸಾವನ್ನು ಹೆಂಡತಿಯ ಹಣೆಗೆ ಬರೆಯುತ್ತೇವೆ. ಸಮಂತಭದ್ರ ಆಚಾರ್ಯರು ಶ್ರಾವಕರಿಗಾಗಿ ಬರೆದ ರತ್ನಕರಂಡಕದಲ್ಲಿ ಲೋಕಮೂಢತೆಯನ್ನು ಬಿಡಬೇಕೆಂದು ತಿಳಿಸಿದ್ದಾರೆ. ಜನ ಮಾಡುತ್ತಾರೆಂದು ತಾನೂ ಮಾಡುವ ಈ ರೂಢಿಯನ್ನೂ ಅದರಲ್ಲೇ ಸೇರಿಸಬೇಕೆಂದು ನನ್ನ ಅಭಿಪ್ರಾಯ.

ಜಕ್ಕಿಯಬ್ಬೆಗೆ ಅಧಿಕಾರದ ಮೋಹವಿರಲಿಲ್ಲ. ಕೆಲವು ವರ್ಷಗಳ ನಂತರ ದೇಹವನ್ನು ರೋಗ ಹಿಡಿಯಿತು. ಸಂಸಾರದ ಸುಖ ಸಾಕೆಂದು ತೀರ್ಮಾನಿಸಿ, ಮಗಳನ್ನು ಕರೆಸಿ ಎಲ್ಲವನ್ನೂ ಆಕೆಗೆ ಒಪ್ಪಿಸಿದಳು. ಆಗ ತೀರ್ಥವೆಂದು ಹೆಸರಾಗಿದ್ದ ಬಂದಳಿಕೆಗೆ ಬಂದು, ಬಸದಿಯಲ್ಲಿ ಸಲ್ಲೇಖನ ವ್ರತ ತೆಗೆದುಕೊಂಡು ದೇಹ ಬಿಟ್ಟಳು.